ಒಂದು ಪುಟ್ಟ ಕಥೆಗೆ ನಾಲ್ಕು ವಾರದ ಕ್ಲಾಸು: ಸೇರಬಹುದಾ?

ಜರ್ಮನ್ ಭಾಷೆಯ ಲೇಖಕ ಕಾಫ್ಕಾ ಬರೆದ 'ಕಾನೂನಿನ ಮುಂದೆ' ಅನ್ನೋ ಕಥೆಯ ಅರ್ಥ ಹುಡುಕುವ ಆನ್‌ಲೈನ್ ಕ್ಲಾಸಿಗೆ ಸೇರಿದ್ದೆ. ವಾರಕ್ಕೆ ಒಂದು ಗಂಟೆ, ನಾಲ್ಕು ವಾರ. ಎರಡು ಪುಟವೂ ಇಲ್ಲದ ಕಥೆಗೆ ಇಷ್ಟು ಹೊತ್ತು ಯಾಕೆ ಅನ್ನಿಸಿತ್ತು. ಮುಗಿದ ಮೇಲೆ ಇನ್ನೊಂದು ವಾರ ಇರಬೇಕಿತ್ತು ಅನ್ನಿಸಿತು.

ಹಳ್ಳಿಯವನೊಬ್ಬ ಕಾನೂನಿನ ಬಾಗಿಲಿಗೆ ಬರುತ್ತಾನೆ. ಕಾವಲುಗಾರ 'ಈಗ ಆಗೋದಿಲ್ಲ' ಅನ್ನುತ್ತಾನೆ. ಹಳ್ಳಿಯವನು ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು ವರ್ಷಗಟ್ಟಲೆ ಕಾಯುತ್ತಾನೆ. ಆ ಬಾಗಿಲು ಇದ್ದದ್ದೇ ತನಗೊಬ್ಬನಿಗೆ ಅಂತ ಗೊತ್ತಾಗುವುದು ಸಾಯುವ ಹೊತ್ತಿಗೆ.

ಕಾವಲುಗಾರ ಕೆಟ್ಟವನು, ಹಳ್ಳಿಯವನು ಪಾಪದವನು ಅಂತಲೇ ನಾನು ಇಷ್ಟು ದಿನ ಓದಿಕೊಂಡಿದ್ದೆ. ಮೊದಲ ವಾರ ಶುರುವಿನ ಸಾಲುಗಳನ್ನೇ ಮೂರು ಸಲ ಓದಿಸಿದರು. ಆಗ ಕಣ್ಣಿಗೆ ಬಿತ್ತು: ಬಾಗಿಲು ತೆರೆದೇ ಇದೆ! ಕಾವಲುಗಾರ ಅವನ ಮೈ ಮುಟ್ಟಿ ತಡೆಯುವುದೇ ಇಲ್ಲ, ಅಷ್ಟು ಆಸೆ ಇದ್ದರೆ ನನ್ನ ಮಾತು ಮೀರಿ ಹೋಗಿ ನೋಡು ಅಂತಾನೂ ಹೇಳುತ್ತಾನೆ, ಆದರೆ ಒಳಗೆ ಇನ್ನೂ ಬಲಶಾಲಿ ಕಾವಲುಗಾರರಿದ್ದಾರೆ ಅಂತ ಸೇರಿಸುತ್ತಾನೆ.

ಎರಡನೇ ವಾರದ ಚಿಗಟದ ಮಾತು ನನಗೆ ತುಂಬಾ ಹಿಡಿಸಿತು. ವರ್ಷಗಟ್ಟಲೆ ದಿಟ್ಟಿಸಿ ದಿಟ್ಟಿಸಿ, ಆ ಮನುಷ್ಯನಿಗೆ ಕಾವಲುಗಾರನ ತುಪ್ಪಳದ ಕಾಲರಿನಲ್ಲಿರೋ ಚಿಗಟಗಳೂ ಪರಿಚಯವಾಗಿಬಿಡುತ್ತವೆ, ನೀವಾದರೂ ಒಂದು ಮಾತು ಹೇಳಿ ಅಂತ ಅವುಗಳನ್ನೂ ಬೇಡಿಕೊಳ್ಳುತ್ತಾನೆ. ಒಳಗಿನ ಕಾವಲುಗಾರರು ಮರೆತೇ ಹೋಗಿ, ಈ ಮೊದಲ ಕಾವಲುಗಾರನೊಬ್ಬನೇ ಅಡ್ಡಿ ಅನ್ನಿಸತೊಡಗುತ್ತದೆ. ಕಥೆಯ ಜೀವ ಇರೋದು ಇಲ್ಲೇ ಅಂತ ನನ್ನ ಅನಿಸಿಕೆ. ಬಾಗಿಲು ನೋಡಲು ಬಂದವನು ಕಾಲರು ನೋಡುತ್ತಾ ಮುದುಕನಾದ.

ಮೂರನೇ ವಾರ ಬೇಜಾರಾಯಿತು. ಬಾಗಿಲು ಅಂದರೆ ದೇವರು, ಅಷ್ಟೇ, ಅಂತ ಹೇಳಿ ಮುಂದೆ ಹೋದರು. ಕಾವಲುಗಾರನೂ ಅಷ್ಟೂ ವರ್ಷ ಅಲ್ಲೇ ನಿಂತಿದ್ದ, ಅವನೂ ಕಟ್ಟಿಬಿದ್ದವನೇ ಅಲ್ವಾ ಅಂತ ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಗಲಿಲ್ಲ. 1915ರಲ್ಲಿ ಬಿಡಿಯಾಗಿ ಅಚ್ಚಾದ ಈ ಕಥೆ, ಕಾಫ್ಕಾ ತೀರಿಕೊಂಡ ಮೇಲೆ 1925ರಲ್ಲಿ ಬಂದ 'ದಿ ಟ್ರಯಲ್' ಕಾದಂಬರಿಯಲ್ಲೂ ಇದೆ. ಅಲ್ಲಿ ಪಾದ್ರಿಯೊಬ್ಬ ಕಥೆ ಹೇಳುತ್ತಾನೆ, ಕೇಳಿದ ಕಾದಂಬರಿಯ ನಾಯಕ ಯೋಸೆಫ್ ಕೆ. ತಕ್ಷಣ, ಕಾವಲುಗಾರ ಮೋಸ ಮಾಡಿದ ಅನ್ನುತ್ತಾನೆ. ಪಾದ್ರಿ, ಆತುರ ಬೇಡ ಅಂದು, ಮೋಸ ಹೋದವನು ಕಾವಲುಗಾರನೇ ಅನ್ನೋ ವಾದವನ್ನೂ ಮುಂದಿಡುತ್ತಾನೆ. ನನ್ನ ಪ್ರಶ್ನೆ ಅಲ್ಲೇ ಇತ್ತು! ಅದನ್ನು ಕೊನೆಯ ವಾರ ಹತ್ತೇ ನಿಮಿಷದಲ್ಲಿ ಮುಗಿಸಿದರು.

ಆದರೂ ಮೊದಲ ಎರಡು ವಾರಕ್ಕಾದರೂ ಸೇರಿ. ಕಾದಂಬರಿಯ ಆ ಅಧ್ಯಾಯವನ್ನು ಮೊದಲೇ ಓದಿಕೊಂಡು ಹೋಗಿ, ಮೂರನೇ ವಾರ ಕಾವಲುಗಾರನ ಪ್ರಶ್ನೆಯನ್ನು ಬಿಡದೆ ಕೇಳಿ.