ಬಿಳಿ ದೀಪದ ಸಾಕ್ಷಿ: ಒಂದೂವರೆ ವರ್ಷ ಬಳಸಿದ ಡ್ಯಾಶ್‌ಕ್ಯಾಮ್

ಇದು ಎರಡು ಲೆನ್ಸ್‌ಗಳ ಡ್ಯಾಶ್‌ಕ್ಯಾಮ್, ಅಂದರೆ ಕಾರು ಓಡುವಾಗ ರಸ್ತೆಯನ್ನು ಚಿತ್ರೀಕರಿಸುತ್ತಲೇ ಇರುವ ಕ್ಯಾಮೆರಾ; ಒಂದು ಲೆನ್ಸ್ ಮುಂದಿನ ಗಾಜಿಗೆ, ಇನ್ನೊಂದು ಹಿಂದಿನ ಗಾಜಿಗೆ. ಮೊದಲ ವರ್ಷವಿಡೀ ಅದು ಅಲ್ಲಿದೆ ಎಂಬುದೇ ನನಗೆ ಮರೆತುಹೋಗಿತ್ತು. ಆ ರಾತ್ರಿ ಅದು ಇರದಿದ್ದರೆ ಮಾಡದ ತಪ್ಪಿಗೆ ನಾನು ತಲೆ ಕೊಡಬೇಕಾಗುತ್ತಿತ್ತು.

ಏರು ರಸ್ತೆಯ ಸಿಗ್ನಲ್. ಹಿಂದಿನ ಸೀಟಿನಲ್ಲಿ ಅಮ್ಮ. ಹಸಿರು ದೀಪ ಬಂದಾಗ ಮುಂದಿನ ಕಾರು ಒಮ್ಮೆ ಜಗ್ಗಿ, ಹಾಗೆಯೇ ಹಿಂದಕ್ಕೆ ನುಗ್ಗಿತು. ಹಾರ್ನ್ ಒತ್ತುವಷ್ಟರಲ್ಲಿ ಧಡ್ ಎಂದಿತು. ಇಳಿದು ಬಂದ ಚಾಲಕ ಕಾರಿನ ಬಾಗಿಲು ಹಿಡಿದೇ ನಿಂತಿದ್ದ. ಮಾರು ದೂರಕ್ಕೂ ಮದ್ಯದ ವಾಸನೆ ಬರುತ್ತಿತ್ತು. ಅವನ ಮೊದಲ ಮಾತು, "ಹಿಂದಿನಿಂದ ಬಂದು ಗುದ್ದಿದ್ದೀರಲ್ಲ!"

ಅವನ ಬಂಪರಿನಲ್ಲಿ ನನ್ನ ನಂಬರ್ ಪ್ಲೇಟಿನ ಎರಡು ಬೋಲ್ಟುಗಳು ಒತ್ತಿದ ದುಂಡನೆಯ ಗುಳಿಗಳಿದ್ದವು. ನಾನೇ ಹೋಗಿ ಗುದ್ದಿದ್ದರೂ ಅವೇ ಗುಳಿಗಳು, ಅದೇ ಜಾಗದಲ್ಲಿ ಬೀಳುತ್ತಿದ್ದವು. ಅವುಗಳನ್ನು ನೋಡುತ್ತಾ ನಿಂತಾಗ ನನಗೆ ನಿಜಕ್ಕೂ ಭಯವಾಯಿತು.

ಅವನು ಕುಡಿದಿದ್ದಾನೆ, ಇನ್ನು ಕೇಳುವುದೇನಿದೆ ಎಂದುಕೊಂಡಿದ್ದೆ. ವಿಮಾ ಸರ್ವೇಯರ್ ಅದನ್ನು ಒಪ್ಪಲಿಲ್ಲ. ಕುಡಿದು ವಾಹನ ಓಡಿಸಿದ್ದು ಒಂದು ಅಪರಾಧ, ಡಿಕ್ಕಿಗೆ ಕಾರಣ ಯಾರು ಎಂಬುದು ಬೇರೆಯೇ ಪ್ರಶ್ನೆ ಎಂದರು. ಕುಡಿದವನು ಸಿಗ್ನಲ್‌ನಲ್ಲಿ ಸುಮ್ಮನೆ ನಿಂತಿದ್ದಾಗ ಕುಡಿಯದವರು ಬಂದು ಗುದ್ದಿದರೆ, ಕುಡಿದದ್ದಕ್ಕೆ ಅವನ ಮೇಲೆ ಪ್ರಕರಣ ಬೀಳುತ್ತದೆ, ಗುದ್ದಿದ್ದಕ್ಕೆ ಹೊಣೆ ಮಾತ್ರ ಗುದ್ದಿದವರದೇ. ಹಿಂದಿನ ವಾಹನದವರು ಅಂತರ ಕಾಯ್ದುಕೊಳ್ಳಬೇಕು ಎಂಬುದು ನಿಯಮವಾದ್ದರಿಂದ, ತಪ್ಪು ಹಿಂದಿನವರದು ಎಂಬ ಊಹೆಯಿಂದಲೇ ವಿಚಾರಣೆ ಶುರುವಾಗುತ್ತದೆ. ಆ ಊಹೆಯನ್ನು ಮುರಿಯಬಹುದು, ಆದರೆ ಮುರಿಯುವ ಭಾರ ಹಿಂದಿನವರ ಹೆಗಲ ಮೇಲೆ. ಕೇಳುವಾಗ ಸಂಕಟವಾಯಿತು. ಈಗ ಯೋಚಿಸಿದರೆ ಅವರ ಮಾತು ನ್ಯಾಯವಾಗಿಯೇ ಇತ್ತು.

ಕ್ಯಾಮೆರಾ ಮುರಿದದ್ದು ಆ ಊಹೆಯನ್ನು. ಬೇಕಾದದ್ದು ಒಂಬತ್ತು ಸೆಕೆಂಡುಗಳ ದೃಶ್ಯ ಮಾತ್ರ. ಕೆಂಪು ಬ್ರೇಕ್ ದೀಪಗಳು ಆರುತ್ತವೆ, ಬಿಳಿಯ ರಿವರ್ಸ್ ದೀಪ ಹೊತ್ತಿ ನನ್ನ ಬಾನೆಟ್ ಮೇಲೆ ಬೆಳಕು ಹರಿಯುತ್ತದೆ. ಚಿತ್ರದ ಅಂಚಿನಲ್ಲಿರುವ ದೀಪದ ಕಂಬ ಕೂದಲೆಳೆಯಷ್ಟೂ ಕದಲುವುದಿಲ್ಲ, ಅಂದರೆ ನನ್ನ ಕಾರು ನಿಂತೇ ಇದೆ. ಡಿಕ್ಕಿಗೆ ಮೊದಲೇ ಅಮ್ಮನ ದನಿ ಕೇಳುತ್ತದೆ: "ಅಯ್ಯೋ, ಹಿಂದಕ್ಕೆ ಬರುತ್ತಿದ್ದಾನೆ!" ಕಾರಿನೊಳಗಿನ ಮಾತೆಲ್ಲ ದಾಖಲಾಗುತ್ತದಲ್ಲ ಎಂದು ಮೈಕ್ ಆರಿಸಿಬಿಡುವ ಯೋಚನೆ ಒಮ್ಮೆ ಬಂದಿತ್ತು. ಆರಿಸದಿದ್ದದ್ದು ನನ್ನ ಪುಣ್ಯ. ಸರ್ವೇಯರ್ ಮೂರು ಬಾರಿ ನೋಡಿದರು, ಮೂರು ಬಾರಿಯೂ ಆ ಬಿಳಿ ದೀಪದ ಬಳಿ ನಿಲ್ಲಿಸಿದರು. ಕೊನೆಗೆ ಹೊಣೆ ಪೂರ್ತಿ ಅವನ ಮೇಲೆ ಬಿತ್ತು.

ಕೊರತೆಗಳೂ ಇವೆ, ಒಂದಂತೂ ದೊಡ್ಡದು. ಡಿಕ್ಕಿಯಾದಾಗ ಜಿ-ಸೆನ್ಸರ್, ಅಂದರೆ ಏಟನ್ನು ಗ್ರಹಿಸುವ ಭಾಗ, ಆ ದೃಶ್ಯದ ಕಡತ ಅಳಿಸಿಹೋಗದಂತೆ ಅದಕ್ಕೆ ಬೀಗ ಹಾಕಬೇಕು. ಏಟು ಮೆಲ್ಲಗಿದ್ದದ್ದರಿಂದ ಹಾಕಲಿಲ್ಲ. 64 ಜಿಬಿ ಕಾರ್ಡಿನಲ್ಲಿ ಎರಡೂ ಲೆನ್ಸ್‌ಗಳ ದೃಶ್ಯ ಸುಮಾರು ಆರು ಗಂಟೆ ಉಳಿಯುತ್ತದೆ, ಆಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತದೆ. ನಾನು ಅಲ್ಲೇ ಕಾರ್ಡ್ ಕಿತ್ತು ಜೇಬಿಗೆ ಹಾಕಿಕೊಂಡದ್ದರಿಂದ ಉಳಿಯಿತು. ಗಡಿಯಾರ ಏಳು ನಿಮಿಷ ಹಿಂದಿತ್ತು. ಉಸಿರಾಟದ ಪರೀಕ್ಷೆಯ ಸಮಯಕ್ಕೂ ದೃಶ್ಯದ ಸಮಯಕ್ಕೂ ತಾಳೆಯಾಗುವುದಿಲ್ಲ ಎಂದು ಎದುರು ಪಕ್ಷದ ವಿಮೆಯವರು ಅದನ್ನೇ ಹಿಡಿದುಕೊಂಡರು. ಹಿಂದಿನ ಲೆನ್ಸ್ ರಾತ್ರಿ ಹೊತ್ತು ಅಷ್ಟಕ್ಕಷ್ಟೇ, ಹೆಡ್‌ಲೈಟ್ ಬಿದ್ದರೆ ನಂಬರ್ ಪ್ಲೇಟ್ ಬರೀ ಬಿಳಿ ಚೌಕ.

ಕ್ಯಾಮೆರಾ ಮಾಡಲಾರದ ಕೆಲಸವೂ ಒಂದಿದೆ: ಎದುರಿನವರು ಕುಡಿದಿದ್ದಾರೆ ಎಂದು ಅದು ಹೇಳಲಾರದು. "ಇಲ್ಲೇ ಮುಗಿಸಿಕೊಳ್ಳೋಣ" ಎಂದು ಅವನು ಗೋಗರೆದ. ನಾನು ಒಪ್ಪದೆ ಪೊಲೀಸರಿಗೆ ಕರೆ ಮಾಡಿದೆ. ರಕ್ತದಲ್ಲಿನ ಮದ್ಯ ಗಂಟೆಗೆ 100 ಮಿಲಿಲೀಟರಿಗೆ ಸುಮಾರು 15 ಮಿಲಿಗ್ರಾಂನಂತೆ ಇಳಿಯುತ್ತಾ ಹೋಗುತ್ತದೆ. ತಡಮಾಡಿದಷ್ಟೂ ಪರೀಕ್ಷೆಯಲ್ಲಿ ಸಿಗುವ ಅಂಕಿ ಚಿಕ್ಕದಾಗುತ್ತದೆ.

ಈಗ ಸೆನ್ಸರನ್ನು ಅತಿ ಸೂಕ್ಷ್ಮ ಮಟ್ಟಕ್ಕೆ ಇಟ್ಟಿದ್ದೇನೆ. ರಸ್ತೆಯ ಗುಂಡಿಗೆ ಇಳಿದರೂ ಬೀಗ ಹಾಕುತ್ತದೆ, ಕಾರ್ಡ್ ಬೇಗ ತುಂಬುತ್ತದೆ. ಪರವಾಗಿಲ್ಲ, ವಾರಕ್ಕೊಮ್ಮೆ ನಾನೇ ಅಳಿಸುತ್ತೇನೆ. ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಆ ರಾತ್ರಿ ಬೀಗ ಹಾಕದ ಸೆನ್ಸರಿಗೆ.