ಕೆನಡಾದಲ್ಲಿ ಗಾಂಜಾ: ಸೇದುವುದಾ, ಗಮ್ಮಿ ತಿನ್ನುವುದಾ, ಬಿಡುವುದಾ?

ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ. ಟೊರಾಂಟೊದಲ್ಲಿ 19 ತುಂಬಿದವರು ಅಂಗಡಿಗೆ ಹೋಗಿ ಕೊಳ್ಳಬಹುದು, ಹಾಗಾಗಿ ಅಲ್ಲಿಗೆ ಹೋದ ನಮ್ಮವರಿಗೂ ಈ ಪ್ರಶ್ನೆ ಎದುರಾಗುತ್ತದೆ.

ಮಜಾ ಇಲ್ಲ ಅಂದ್ರೆ ಸುಳ್ಳಾಗುತ್ತದೆ. ಮೈ ಹಗುರ, ನಗು ಜಾಸ್ತಿ, ಹಾಡು ಇನ್ನೂ ಚೆಂದ. ಪ್ಯಾಕೆಟ್ ಮೇಲೆ ನಶೆ ಏರಿಸುವ ಅಂಶವಾದ ಟಿಎಚ್‌ಸಿ ಎಷ್ಟಿದೆ ಅಂತ ಬರೆದಿರುತ್ತದೆ, ಕದ್ದುಮುಚ್ಚಿ ಕೊಂಡ ಮಾಲಿನಲ್ಲಿ ಅದೆಲ್ಲಿ?

ಸೇದಿದರೆ ನಿಮಿಷಗಳಲ್ಲೇ ಏರುತ್ತದೆ, ಸಾಕು ಅನಿಸಿದಾಗ ನಿಲ್ಲಿಸಬಹುದು, ಆದರೆ ಶ್ವಾಸಕೋಶಕ್ಕೆ ಹೊಗೆ ಹೊಗೆಯೇ. ಗಮ್ಮಿ ಅಂದ್ರೆ ಗಾಂಜಾ ಅಂಶ ಬೆರೆಸಿದ ಮೆತ್ತನೆಯ ಮಿಠಾಯಿ, ಅದರಲ್ಲಿ ಹೊಗೆಯಿಲ್ಲ. ಅದು ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಏನೂ ಆಗ್ಲಿಲ್ಲ ಅಂತ ಇನ್ನೊಂದು ಬಾಯಿಗೆ ಹಾಕಿಕೊಂಡವರು ಎದೆ ಡವಡವ ಅಂತ ಆಸ್ಪತ್ರೆಗೆ ಓಡುವುದುಂಟು. ಒಂದು ಪ್ಯಾಕೆಟ್‌ಗೆ 10 ಮಿಲಿಗ್ರಾಂ ಟಿಎಚ್‌ಸಿ ಮಿತಿ ಇಟ್ಟಿರುವುದು ಸುಮ್ನೆ ಅಲ್ಲ. ಹೊಸಬರಿಗೆ 2.5 ಮಿಲಿಗ್ರಾಂ ಸಾಕು.

ದಿನಾ ಬಳಸಿದರೆ ಲೆಕ್ಕವೇ ಬೇರೆ. ನೆನಪು, ಗಮನ ಕುಗ್ಗುತ್ತವೆ, ಚಟವೂ ಹಿಡಿಯುತ್ತದೆ. ಮಿದುಳು 25ರ ಹತ್ತಿರದವರೆಗೂ ಬೆಳೆಯುತ್ತಲೇ ಇರುವುದರಿಂದ ವಿದ್ಯಾರ್ಥಿಗಳಿಗೆ ಅಪಾಯ ಜಾಸ್ತಿ. ಮನೆತನದಲ್ಲಿ ಸ್ಕಿಜೋಫ್ರೇನಿಯಾ ಇದ್ದರೆ ಮುಟ್ಟಲೇಬೇಡಿ, ಇದರಲ್ಲಿ ನನಗೆ ಎರಡು ಮಾತಿಲ್ಲ.

ಇನ್ನು ಪಿಆರ್ (ಕೆನಡಾದಲ್ಲಿ ಕಾಯಂ ವಾಸದ ಅನುಮತಿ) ಇರುವವರು ಕೇಳಿ. ನಶೆಯಲ್ಲಿ ಗಾಡಿ ಓಡಿಸಿ ಶಿಕ್ಷೆಯಾದರೆ ಪಿಆರ್‌ಗೇ ಕುತ್ತು ಬರಬಹುದು. ಪಕ್ಕದ ಅಮೆರಿಕಕ್ಕೂ ಒಯ್ಯುವಂತಿಲ್ಲ, ಅಲ್ಲಿ ನೀವು ಹೋಗುವ ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಅಷ್ಟೇ. ಬೆಂಗಳೂರಿಗೆ ಹೊರಟಾಗಲಂತೂ ಬ್ಯಾಗಿನ ಮೂಲೆಯನ್ನೂ ತಡಕಿ ನೋಡಿ, ಇಲ್ಲಿ ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ.