ಕಿಟಕಿಗೆ ಪಿಕ್ಸೆಲ್ ಎಲ್‌ಇಡಿ: ಮೂರು ದೀಪಾವಳಿ ಬಳಸಿದ ಮೇಲೆ

ಕಿಟಕಿಯ ಅಂಚಿಗೆ ಸ್ಟ್ರಿಪ್ ತರಬೇಡಿ, 12 ಎಂಎಂ ಬುಲೆಟ್ ಪಿಕ್ಸೆಲ್ ಸರ ತನ್ನಿ. ಪಿಕ್ಸೆಲ್ ಎಂದರೆ ಒಂದೊಂದಕ್ಕೂ ಬೇರೆ ಬಣ್ಣ ಕೊಡಬಹುದಾದ ಎಲ್‌ಇಡಿ ದೀಪ. ಸ್ಟ್ರಿಪ್‌ನ ಬೆಳಕು ನಿಜಕ್ಕೂ ಚೆಂದ, ಗೆರೆ ಎಳೆದ ಹಾಗಿರುತ್ತದೆ. ಆದರೆ ಅದು ಮೂಲೆಯಲ್ಲಿ ಪಕ್ಕಕ್ಕೆ ಬಾಗುವುದಿಲ್ಲ. ಕತ್ತರಿಸಿ, ಮೂರು ವೈರ್ ಇಟ್ಟು, ಎರಡೂ ತುದಿಗೆ ಬೆಸುಗೆ ಹಾಕಬೇಕು. ಕೆಳಗಿನ ಮೂಲೆಯಿಂದ ಶುರು ಮಾಡಿದರೂ ಮೂರು ಮೂಲೆಗೆ 18 ಬೆಸುಗೆ. ಸಿಲಿಕಾನ್ ಕವಚ ತೆರೆದುಕೊಳ್ಳುವುದೂ ಅಲ್ಲೇ. ದೀಪಾವಳಿಯ ಹೊತ್ತಿಗೆ ಹಿಂಗಾರು ಮಳೆ ಬಂದರೆ ನೀರು ಒಳಗಿಳಿದು ತಾಮ್ರ ಹಸಿರಾಗುತ್ತದೆ. ಅಲ್ಲಿಗೆ ಡೇಟಾ (ದೀಪದಿಂದ ದೀಪಕ್ಕೆ ದಾಟುವ ಬಣ್ಣದ ಸಿಗ್ನಲ್) ನಿಂತಿತು, ಮುಂದಿನ ಅಷ್ಟೂ ದೀಪ ಕತ್ತಲು.

ಬುಲೆಟ್ ಸರದಲ್ಲಿ ಪ್ರತಿ ಪಿಕ್ಸೆಲ್‌ಗೂ ಅದರದೇ ಮುಚ್ಚಿದ ಕವಚವಿದೆ, ನಡುವೆ ಬರೀ ವೈರ್. ಮೂಲೆ ಬಂದರೆ ವೈರ್ ಬಗ್ಗಿಸಿದರೆ ಮುಗಿಯಿತು. 4×5 ಅಡಿ ಕಿಟಕಿಯ ಸುತ್ತಳತೆ 18 ಅಡಿ; 3 ಇಂಚಿಗೊಂದರಂತೆ 72 ಪಿಕ್ಸೆಲ್ ಬೇಕು. ಸರ ಬರುವುದು 50ರ ಲೆಕ್ಕದಲ್ಲಿ, ಹಾಗಾಗಿ ಎರಡು ಸರ.

5 ವೋಲ್ಟ್‌ನದು ಅಗ್ಗ, ಕರೆಂಟೂ ಕಡಿಮೆ ತಿನ್ನುತ್ತದೆ. ಆದರೆ ಸಣ್ಣ ವೈರಿನಲ್ಲಿ ವೋಲ್ಟೇಜ್ ಇಳಿದು ಕೊನೆಯ ಪಿಕ್ಸೆಲ್‌ಗಳಲ್ಲಿ ಬಿಳಿ ಹಳದಿಯಾಗಿ, ಆಮೇಲೆ ಕೆಂಪಾಗುತ್ತದೆ. ನೀಲಿ, ಹಸಿರಿಗೆ ಕೆಂಪಿಗಿಂತ ಹೆಚ್ಚು ವೋಲ್ಟೇಜ್ ಬೇಕು. 12 ವೋಲ್ಟ್‌ನ ಡಬ್ಲ್ಯೂಎಸ್2811 ಚಿಪ್ ಇರುವ ಸರ ತನ್ನಿ. 72 ಪಿಕ್ಸೆಲ್ ಪೂರ್ತಿ ಬಿಳಿ ಉರಿದರೆ ಸುಮಾರು 4.3 ಆಂಪ್, 10 ಆಂಪ್ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು 12 ವೋಲ್ಟ್‌ಗೆ ಇಳಿಸುವ ಪವರ್ ಸಪ್ಲೈ) ಎರಡು ಕಿಟಕಿಗೆ ಸಾಕು.

ಕೂರಿಸಲು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ, ವೈರ್ ಮುಚ್ಚುವ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಸ್ಟೆಪ್ ಬಿಟ್‌ನಲ್ಲಿ 12 ಎಂಎಂ ತೂತು ಕೊರೆಯಿರಿ, ಮಾಮೂಲಿ ಬಿಟ್‌ಗೆ ಪ್ಲಾಸ್ಟಿಕ್ ಸೀಳುತ್ತದೆ. ಹಿಂದಿನಿಂದ ಪಿಕ್ಸೆಲ್ ಒತ್ತಿ, ಗ್ರಿಲ್‌ಗೆ ಕೇಬಲ್ ಟೈ ಬಿಗಿಯಿರಿ. ಗೋಡೆಗೆ ಮೊಳೆಯೇ ಬೇಡ. ಹಬ್ಬ ಮುಗಿದ ಮೇಲೆ ನಾಲ್ಕು ಪಟ್ಟಿ ಒಂದರ ಮೇಲೊಂದು ಮಡಚಿ ಅಟ್ಟಕ್ಕೆ ಹಾಕಬಹುದು. ಮುಂದಿನ ವರ್ಷ ಕಟ್ಟುವುದಷ್ಟೇ ಕೆಲಸ. ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಖುಷಿ ಕೊಡುವುದು ಇದೇ.

ನಿಯಂತ್ರಣಕ್ಕೆ ಇಎಸ್‌ಪಿ32 ಎಂಬ ಪುಟ್ಟ ವೈಫೈ ಬೋರ್ಡ್, ಅದರಲ್ಲಿ ದೀಪ ನಡೆಸುವ ಡಬ್ಲ್ಯೂಎಲ್‌ಇಡಿ ತಂತ್ರಾಂಶ. ಕೆಂಪು ಕೇಳಿದಾಗ ಹಸಿರು ಬಂದರೆ ಅದರ ಸೆಟ್ಟಿಂಗ್‌ನಲ್ಲಿ ಕಲರ್ ಆರ್ಡರ್ ಬದಲಿಸಿ. ಸುಮ್ಮಸುಮ್ಮನೆ ಮಿನುಗಿದರೆ ಮೊದಲು ಬೋರ್ಡಿನ ಗ್ರೌಂಡ್ ಎಸ್‌ಎಂಪಿಎಸ್‌ನ ಮೈನಸ್‌ಗೆ ಸೇರಿದೆಯೇ ನೋಡಿ. ಬೋರ್ಡ್ ಕೊಡುವ ಸಿಗ್ನಲ್ 3.3 ವೋಲ್ಟ್, ಅದನ್ನು 5ಕ್ಕೇರಿಸಲು 74ಎಎಚ್‌ಸಿಟಿ125 ಚಿಪ್ ಹಾಕುವುದೇ ಕ್ಷೇಮ. ಟೈಮರ್ ಸೂರ್ಯಾಸ್ತಕ್ಕೆ ಇಡಿ. ಕೆಂಪು 255, ಹಸಿರು 100, ನೀಲಿ 10, ಬ್ರೈಟ್‌ನೆಸ್ ಶೇ. 30: ಹೊಸ್ತಿಲಲ್ಲಿ ಹಣತೆ ಹಚ್ಚುವ ಹೊತ್ತಿಗೆ ಕಿಟಕಿಯೂ ಅದೇ ಬಣ್ಣಕ್ಕೆ ತಿರುಗುತ್ತದೆ. ಓಡುವ ಕಾಮನಬಿಲ್ಲು ಹಾಕಿದರೆ ಹಣತೆ ಕಣ್ಣಿಗೇ ಬೀಳುವುದಿಲ್ಲ. ಕಾರ್ತಿಕ ಮಾಸ ಪೂರ್ತಿ ಉರಿಸುವವರು ಈ ಒಂದೇ ಬಣ್ಣಕ್ಕೆ ಅಂಟಿಕೊಳ್ಳಲಿ.

ಸರದ ಜೊತೆ ಬರುವ ಕನೆಕ್ಟರ್ ಮಾತ್ರ ನಂಬಬೇಡಿ, ನೀರು ತಡೆಯುವುದಿಲ್ಲ. ತಿರುಪಿನ ಮುಚ್ಚಳವಿರುವ ಮೂರು ಪಿನ್ನಿನ ವಾಟರ್‌ಪ್ರೂಫ್ ಕನೆಕ್ಟರ್ ಹಾಕಿ. ಅದಕ್ಕಿಂತ ಕೆಳಗೆ ವೈರ್ ಸ್ವಲ್ಪ ಜೋತುಬಿದ್ದಿರಲಿ, ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ಎಸ್‌ಎಂಪಿಎಸ್ ಮನೆಯೊಳಗೇ ಇರಲಿ, ಅರ್ತಿಂಗ್ ತಪ್ಪಿಸಬೇಡಿ.

ಉಳಿದ 28 ಪಿಕ್ಸೆಲ್ ಬಿಡಿಭಾಗಕ್ಕೆ ಎತ್ತಿಡಿ. ಸರ ನಡುವೆ ಕತ್ತಲಾದರೆ ಆರಿದ ಮೊದಲನೆಯದನ್ನು ಬದಲಿಸಿ. ಅದಕ್ಕೂ ಬಗ್ಗದಿದ್ದರೆ ತಪ್ಪು ಅದರ ಹಿಂದಿನದರಲ್ಲಿದೆ: ತಾನು ಉರಿಯುತ್ತಲೇ ಇದ್ದು, ಮುಂದಕ್ಕೆ ಡೇಟಾ ದಾಟಿಸದ ಪಿಕ್ಸೆಲ್ ಅದು.